ಪುಣೆ: ಹೋಟೆಲು + ಲಾಡ್ಜಿಂಗ್ ಕಟ್ಟಡಕ್ಕೆ ಎಲೆಕ್ಟ್ರಿಕಲ್ ಕನ್ಸಲ್ಟೆಂಟ್, ಲೈಟಿಂಗ್ ಡಿಸೈನರ್ ಯಾವಾಗ, ಹೇಗೆ ಹಿಡಿಯುವುದು?

ವಾಕಡ್ ದೋಸೆಕಲ್ಲು ಕೇಳಿದ್ದು:

ವಾಕಡ್ ಕಡೆ ನೆಲಮಹಡಿ ಜೊತೆಗೆ ನಾಲ್ಕು ಮಹಡಿಯ ಕಟ್ಟಡ ಏಳುತ್ತಿದೆ. ಕೆಳಗೆ ನಮ್ಮ ಇಡ್ಲಿ-ದೋಸೆಯ ಹೋಟೆಲು, ಮೊದಲ ಮಹಡಿಯಲ್ಲಿ 2000 ಚದರಡಿ ಹಾಲ್, ಅದರ ಮೇಲೆ 22 ರೂಮು. ಪ್ಲಿಂತ್ ಮುಗಿದಿದೆ. ಮೊದಲ ಸ್ಲ್ಯಾಬಿಗೆ ಇನ್ನು ಐದಾರು ವಾರ.

ಪ್ರತ್ಯೇಕ ಎಲೆಕ್ಟ್ರಿಕಲ್ ಕನ್ಸಲ್ಟೆಂಟ್ ಬೇಕೇ ಬೇಕು ಅಂತ ಆರ್ಕಿಟೆಕ್ಟ್ ಹೇಳುತ್ತಾರೆ. ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ "ಡ್ರಾಯಿಂಗ್ ನಾವೇ ಫ್ರೀ ಮಾಡಿಕೊಡ್ತೀವಿ, ಸುಮ್ಮನೆ ಯಾಕೆ ಖರ್ಚು" ಅನ್ನುತ್ತಾರೆ. ಲೈಟಿನ ಶೋರೂಮಿನವರದ್ದೂ ಅದೇ ರಾಗ. ನನ್ನ ಪ್ರಶ್ನೆ ಮೂರು. ಫ್ರೀ ಡ್ರಾಯಿಂಗ್ ಸಾಲುತ್ತದೆಯೇ? ಕನ್ಸಲ್ಟೆಂಟ್‌ಗೆ ಕೆಲಸ ಗೊತ್ತಿದೆ ಅಂತ ನನ್ನಂಥವನು ತಿಳಿಯುವುದು ಹೇಗೆ? ಫೀಸು ಯಾವ ಲೆಕ್ಕದಲ್ಲಿ ಕೊಡಬೇಕು?

---

ಪಿಂಪ್ರಿ ಪ್ಯಾನೆಲ್:

ಐದಾರು ವಾರ ಅಂದ್ರ ಭಾಳ ದಿನ ಉಳಿದಿಲ್ರಿ. ಸರಳು ಕಟ್ಟಿ ಕಾಂಕ್ರೀಟ್ ಗಾಡಿ ಬಂದು ನಿಂತಾಗ ಪೈಪು ಎಲ್ಲಿ ಹಾಯಬೇಕು ಅಂತ ಯೋಚನಿ ಮಾಡಾಕ ಆಗೂದಿಲ್ಲ. ಈ ವಾರನ ಕನ್ಸಲ್ಟೆಂಟನ್ನ ಹಿಡೀರಿ. ಲೈಟಿಂಗ್ ಡಿಸೈನರ್ ಎರಡು ವಾರ ತಡಾ ಆದ್ರೂ ನಡೀತದ, ಆದ್ರ ಹಾಲ್‌ನ ಸ್ಲ್ಯಾಬಿಗಿಂತ ಮೊದಲ ಬರಬೇಕು.

ಫ್ರೀ ಡ್ರಾಯಿಂಗ್ ಫ್ರೀ ಇರೂದಿಲ್ರಿ. ಅದರ ರೊಕ್ಕ ಕೇಬಲ್ಲಿನ ಸೈಜಿನಾಗ, ಪ್ಯಾನೆಲ್ಲಿನ ರೇಟಿನಾಗ ಕೂತಿರ್ತದ. ಮಾಲು ಮಾರಾವ್ರ ಎಷ್ಟು ಮಾಲು ಬೇಕು ಅಂತ ಹೇಳಾಕ ನಿಂತ್ರ ಏನಾಗ್ತದ, ಹೋಟೆಲ್ ನಡಸಾವ್ರಿಗೆ ನಾ ಏನ್ ಹೇಳ್ಲಿ.

ನಿಮ್ಮ ಕಟ್ಟಡದ ಲೋಡ್ ಅಂದಾಜು ನೋಡ್ರಿ. ರೂಮಿಗೆ ಒಂದೂವರೆ ಟನ್ ಎಸಿ 1.6 ಕಿಲೊವಾಟ್, ಗೀಸರ್ 2, ಉಳಿದದ್ದು ಅರ್ಧ. ಒಟ್ಟು 4.1, 22 ರೂಮಿಗೆ 90. ಅಡಿಗಿಮನಿ (ಗ್ರೈಂಡರು, ಎಕ್ಸಾಸ್ಟ್ ಬ್ಲೋವರ್, ಡೀಪ್ ಫ್ರೀಜರ್, ಪಾತ್ರೆ ತೊಳಿಯೂ ಮಷಿನ್) 25. ಹಾಲಿಗೆ 20 ಟನ್ ಎಸಿ ಅಂದ್ರ 24. ಕೆಳಗಿನ ಹೋಟೆಲಿನ ಎಸಿ 12. ಲಿಫ್ಟ್ 7.5, ನೀರಿನ ಪಂಪು 7.5, ಲೈಟು 8. ಕೂಡಿಸಿದ್ರ 174 ಕಿಲೊವಾಟ್. ಫೈರ್ ಪಂಪು ಇದರಾಗ ಇಲ್ಲ, ಅದರ ಲೆಕ್ಕ ಬ್ಯಾರೆ.

ಆದ್ರ ಗೀಸರ್ ಓಡೂದು ಮುಂಜಾನೆ, ಹಾಲಿನ ಎಸಿ ಓಡೂದು ಸಂಜೀಗೆ. ಎರಡೂ ಒಮ್ಮೆ ಪೂರ್ತಿ ಎಳಿಯೂದಿಲ್ಲ. 0.6 ಹಿಡಿದ್ರ 104 ಕಿಲೊವಾಟ್, ಪವರ್ ಫ್ಯಾಕ್ಟರ್ 0.95ಕ್ಕ ಸುಮಾರು 110 ಕೆವಿಎ (ಸಂಪರ್ಕಕ್ಕ ಅರ್ಜಿ ಹಾಕೂ ಅಳತಿ). ಈ ಲೆಕ್ಕ ಮಾಡದ 174ಕ್ಕ ಅರ್ಜಿ ಹಾಕಿದ್ರ ಟ್ರಾನ್ಸ್‌ಫಾರ್ಮರ್, ಕೇಬಲ್, ಜನರೇಟರ್ ಎಲ್ಲಾ ದೊಡ್ಡವು ಆಗ್ತಾವ, ತಿಂಗಳಾ ತಿಂಗಳಾ ಡಿಮ್ಯಾಂಡ್ ಚಾರ್ಜೂ ತುಂಬಬೇಕು. ಎಲ್‌ಟಿ (ಕಡಿಮಿ ವೋಲ್ಟೇಜಿನ) ಸಂಪರ್ಕ ಸಾಕೋ, 11 ಕೆವಿ ತಗೊಂಡು ಸ್ವಂತ ಟ್ರಾನ್ಸ್‌ಫಾರ್ಮರ್ ಇಡಬೇಕೋ ಅನ್ನೂದೂ ಇದರ ಮ್ಯಾಲ ನಿಂತದ. ಸ್ವಂತದ್ದಾದ್ರ ಜಾಗಾ ಬಿಡಬೇಕು, ಅದು ಆರ್ಕಿಟೆಕ್ಟ್ ಪ್ಲಾನಿನಾಗ ಈಗಿಂದನ ಇರಬೇಕು. ಕನ್ಸಲ್ಟೆಂಟ್ ಮಹಾವಿತರಣದ (ರಾಜ್ಯದ ಕರೆಂಟ್ ಕಂಪನಿ) ಉಪವಿಭಾಗ ಕಚೇರಿಯಿಂದ ಇದನ್ನ ಬರವಣಿಗಿ ಒಳಗ ತರಲಿ.

ಕೆಲಸ ಗೊತ್ತದೋ ಇಲ್ಲೋ ತಿಳಿಯಾಕ ಎರಡ ಪ್ರಶ್ನೆ ಕೇಳ್ರಿ. ಮೊದಲನೇದು, "ಮೇನ್ ಪ್ಯಾನೆಲ್ ಹತ್ರ ಶಾರ್ಟ್ ಸರ್ಕಿಟ್ ಕರೆಂಟ್ ಎಷ್ಟು ಕೆಎ (ಸಾವಿರ ಆಂಪಿಯರ್), ಲೆಕ್ಕ ತೋರಸ್ರಿ." 250 ಕೆವಿಎ ಟ್ರಾನ್ಸ್‌ಫಾರ್ಮರ್, 433 ವೋಲ್ಟ್, ಇಂಪೀಡೆನ್ಸ್ 4.5 ಶೇಕಡಾ ಅಂದ್ರ ಪೂರ್ಣ ಲೋಡಿಗೆ 333 ಆಂಪಿಯರ್, ಶಾರ್ಟಾದ್ರ 7.4 ಕೆಎ. 630 ಕೆವಿಎ, 5 ಶೇಕಡಾ ಆದ್ರ 840 ಆಂಪಿಯರ್, ಸುಮಾರು 17 ಕೆಎ. ಇಂಥಲ್ಲಿ ಡ್ರಾಯಿಂಗಿನಾಗ 50 ಕೆಎ ಬ್ರೇಕರ್ ತೋರಿಸಿದ್ರ ಕೇಳಬೇಕು, ಯಾಕ್ ಬೇಕು ಅಂತ. ಉಲ್ಟಾನೂ ಆಗ್ತದ. 17 ಕೆಎ ಇರೂ ಜಾಗಾದಾಗ 10 ಕೆಎ ಎಂಸಿಬಿ ಕೂಡಿಸಿದ್ರ ಶಾರ್ಟಾದಾಗ ಅದು ಕರೆಂಟ್ ಕಡಿಯೂದಿಲ್ಲ, ಒಡೀತದ.

ಎರಡನೇದು, "ಅರ್ಥಿಂಗ್ ಹೆಂಗ್ ಮಾಡ್ತೀರಿ?" "ಎರಡು ಪಿಟ್ ಹೊಡೀತೀವಿ" ಅಂತ ಥಟ್ಟನೆ ಅಂದ್ರ ಸಂಶಯ ಪಡ್ರಿ. ಪುಣೆ ನೆಲದಾಗ ಕರಿಕಲ್ಲು, ನಾಕು ಅಡಿ ಅಗದ್ರ ಬಂಡಿ ಸಿಗ್ತದ. ಮೊದಲು ನಾಲ್ಕು ಸರಳು ನೆಟ್ಟು ಮಣ್ಣಿನ ರೆಸಿಸ್ಟಿವಿಟಿ (ಮಣ್ಣು ಕರೆಂಟನ್ನ ಎಷ್ಟು ತಡೀತದ ಅನ್ನೂದು) ಅಳೀಬೇಕು, ಆಮ್ಯಾಲೆ ಐಎಸ್ 3043 (ಅರ್ಥಿಂಗಿನ ಭಾರತೀಯ ಮಾನದಂಡ) ಪ್ರಕಾರ ಎಲೆಕ್ಟ್ರೋಡ್ ಎಷ್ಟು, ಎಷ್ಟು ಆಳ ಅಂತ ಲೆಕ್ಕ ಹಾಕಬೇಕು. ಫುಟಿಂಗಿನ ಸರಳನ್ನೂ ಅರ್ಥಿಂಗಿಗೆ ಜೋಡಸ್ಬಹುದಿತ್ತು. ನಿಮ್ಮಲ್ಲಿ ಪ್ಲಿಂತ್ ಮುಗದದ, ಆ ದಾರಿ ಬಹುತೇಕ ಹೋತು.

ಕನ್ಸಲ್ಟೆಂಟ್‌ಗೆ ಕಾಂಟ್ರಾಕ್ಟರ್ ಲೈಸೆನ್ಸ್ ಬೇಕಿಲ್ಲ. ಕೆಲಸ ಮಾಡೂ ಕಾಂಟ್ರಾಕ್ಟರ್‌ಗೆ ರಾಜ್ಯ ಸರ್ಕಾರದ ಲೈಸೆನ್ಸ್ ಬೇಕೇ ಬೇಕು. ಇಲ್ಲಂದ್ರ ಅವರ ಟೆಸ್ಟ್ ರಿಪೋರ್ಟ್ ನಡಿಯೂದಿಲ್ಲ, ಮೀಟರ್ ಬರೂದಿಲ್ಲ. ನಂಬರ್ ತಗೊಂಡು ಅವಧಿ ಮುಗದದೋ ಏನು ನೋಡ್ರಿ.

ಫೀಸು ಎಲೆಕ್ಟ್ರಿಕಲ್ ಖರ್ಚಿನ ಶೇಕಡಾವಾರು ಬ್ಯಾಡ್ರಿ. ಖರ್ಚು ಏರಿದಷ್ಟು ಫೀಸು ಏರ್ತದ, ಯಾರು ಇಳಸ್ತಾರ? ಚದರಡಿ ಲೆಕ್ಕ ಅಥವಾ ಒಟ್ಟು ಮೊತ್ತ ಮಾತಾಡ್ರಿ. ಹಂತ ಹಿಂಗ ಇಡಬಹುದು: ಲೋಡ್ ಶೀಟ್ ಮತ್ತ ಸಿಂಗಲ್ ಲೈನ್ ಡಯಾಗ್ರಾಮಿಗೆ (ಕರೆಂಟ್ ಹರಿಯೂ ದಾರಿಯ ಒಂದೆಳಿ ನಕ್ಷೆ) 15 ಶೇಕಡಾ, ಟೆಂಡರ್ ಡ್ರಾಯಿಂಗ್ ಮತ್ತ ಬಿಒಕ್ಯೂ (ಯಾವ ಮಾಲು ಎಷ್ಟು ಅನ್ನೂ ಪಟ್ಟಿ) ಕೈಗೆ ಬಂದ ಮ್ಯಾಲ 35, ಸೈಟಿಗೆ ಕೊಡೂ ಅಂತಿಮ ಡ್ರಾಯಿಂಗಿಗೆ 20, ಸೈಟ್ ಭೇಟಿಗೆ 20, ಟೆಸ್ಟಿಂಗ್ ಮುಗಿದು ಆಸ್-ಬಿಲ್ಟ್ (ಕಟ್ಟಿದ್ದು ಹೆಂಗದ ಹಂಗ ತೋರಸೂ) ಡ್ರಾಯಿಂಗ್ ಕೊಟ್ಟ ಮ್ಯಾಲ ಉಳಿದ 10. ಭೇಟಿ ಎಷ್ಟು, ಯಾವಾಗ ಅಂತ ಬರೀರಿ. ಪ್ರತಿ ಸ್ಲ್ಯಾಬಿನ ಮುಂಚಿನ ದಿನ ಒಂದು ಭೇಟಿ ಇರಲೇಬೇಕು. "ಅಗತ್ಯ ಬಿದ್ದಾಗ" ಅಂತ ಬರದ್ರ ಯಾರೂ ಬರೂದಿಲ್ಲ.

---

ಬೆಳಕಿನ ಲೆಕ್ಕ:

ಪಿಂಪ್ರಿ ಪ್ಯಾನೆಲ್ ಅವರು ಹೇಳಿದ 174 ಕಿಲೊವಾಟ್‌ಗೆ ಇನ್ನೊಂದು ಅರ್ಥವಿದೆ. ಸಂಪರ್ಕಿತ ಲೋಡ್ 100 ಕಿಲೊವಾಟ್ ಅಥವಾ ಕಾಂಟ್ರಾಕ್ಟ್ ಡಿಮ್ಯಾಂಡ್ 120 ಕೆವಿಎ ಮುಟ್ಟಿದ ವಾಣಿಜ್ಯ ಕಟ್ಟಡಗಳನ್ನು ಗಮನದಲ್ಲಿಟ್ಟೇ ಇಸಿಬಿಸಿ 2017 (ಕಟ್ಟಡಗಳ ವಿದ್ಯುತ್ ಉಳಿತಾಯದ ರಾಷ್ಟ್ರೀಯ ಸಂಹಿತೆ) ಬರೆದಿರುವುದು. ಅದರಲ್ಲಿ ಚದರ ಮೀಟರಿಗೆ ಇಷ್ಟೇ ವಾಟ್ ಲೈಟು ಅಂತ ಮಿತಿ ಇದೆ. ಆ ಲೆಕ್ಕ ತೋರಿಸಬಲ್ಲ ಡಿಸೈನರ್ ಬೇಕು. ಬರೀ ಕ್ಯಾಟಲಾಗ್ ಹಿಡಿದು ಬರುವವರು ಮಾರಾಟ ಪ್ರತಿನಿಧಿಗಳು.

ನಿಮ್ಮ ಹಾಲನ್ನೇ ತೆಗೆದುಕೊಳ್ಳಿ. 2000 ಚದರಡಿ ಅಂದರೆ 186 ಚದರ ಮೀಟರ್. ಊಟದ ಹಾಲಿಗೆ 300 ಲಕ್ಸ್ (ಮೇಜಿನ ಮೇಲೆ ಬೀಳುವ ಬೆಳಕಿನ ಅಳತೆ) ಇಟ್ಟುಕೊಳ್ಳೋಣ. ಬಿಳಿ ಸೀಲಿಂಗ್ ಇದ್ದರೆ ಬಳಕೆಯ ಅಂಶ (ಲೈಟಿನ ಬೆಳಕಿನಲ್ಲಿ ಮೇಜಿಗೆ ತಲುಪುವ ಪಾಲು) 0.6, ಧೂಳು-ವಯಸ್ಸಿಗೆ 0.8. 300 × 186ನ್ನು 0.48ರಿಂದ ಭಾಗಿಸಿದರೆ 1,16,250 ಲ್ಯುಮೆನ್, ಅಂದರೆ ಲೈಟುಗಳು ಕೊಡಬೇಕಾದ ಒಟ್ಟು ಬೆಳಕು. 18 ವಾಟಿನ 1800 ಲ್ಯುಮೆನ್ ಡೌನ್‌ಲೈಟ್ ಆದರೆ 65 ಬೇಕು, ಚದರ ಮೀಟರಿಗೆ 6.3 ವಾಟ್. ಈಗ ಇಂಟೀರಿಯರ್‌ನವರು ಬಂದು ಸೀಲಿಂಗಿಗೆ ಕಪ್ಪು ಬಣ್ಣ ಬಳಿದರು ಅಂದುಕೊಳ್ಳಿ. 0.6 ಇದ್ದದ್ದು 0.45ಕ್ಕೆ ಇಳಿಯಿತು ಅಂದರೂ ಅದೇ ಬೆಳಕಿಗೆ 87 ಲೈಟು ಬೇಕು. ಬಣ್ಣ ತೀರ್ಮಾನವಾಗದೆ ಲೈಟಿನ ಆರ್ಡರ್ ಕೊಡಬೇಡಿ ಅನ್ನುವುದು ಇದಕ್ಕೇ.

ಇಲ್ಲೇ ಎರಡು ಕಡೆ ಎಡವುತ್ತಾರೆ. ಮದುವೆ-ನಾಮಕರಣದ ಹಾಲಿಗೆ ಡಿಮ್ಮಿಂಗ್ ಬೇಕು, ಡಾಲಿ (ಲೈಟುಗಳನ್ನು ಡಿಜಿಟಲ್ ಆಗಿ ನಿಯಂತ್ರಿಸುವ ವ್ಯವಸ್ಥೆ) ಹಾಕೋಣ ಅನ್ನುತ್ತಾರೆ. ಒಂದು ಡಾಲಿ ಲೈನಿಗೆ 64 ವಿಳಾಸ ಮಾತ್ರ. ನಿಮ್ಮದು 65! ಎರಡನೇ ಲೈನಿನ ಕಂಟ್ರೋಲರ್ ದುಡ್ಡು ಆಮೇಲೆ "ಎಕ್ಸ್‌ಟ್ರಾ ಐಟಂ" ಅಂತ ಬರುತ್ತದೆ. ಒಂದು ಲೈಟು ಕಡಿಮೆ ಮಾಡಿದರೆ ಬೆಳಕಿನಲ್ಲಿ ವ್ಯತ್ಯಾಸವೇ ಕಾಣದು, ಲೈನು ಒಂದೇ ಸಾಕು. ಎರಡನೆಯದು ಎಂಸಿಬಿ. 65 ಲೈಟಿಗೆ ಓಡುವ ಕರೆಂಟ್ ಬರೀ 5 ಆಂಪಿಯರ್ ಅಂತ ಒಂದೇ 10 ಆಂಪಿಯರ್ ಬಿ-ಕರ್ವ್ ಎಂಸಿಬಿ ಕೊಡುತ್ತಾರೆ. ಸ್ವಿಚ್ ಒತ್ತಿದ ಕ್ಷಣ ಎಲ್ಲ ಡ್ರೈವರುಗಳ (ಎಲ್‌ಇಡಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಕೆಪಾಸಿಟರ್ ಒಟ್ಟಿಗೆ ಕರೆಂಟ್ ನುಂಗಿ ಎಂಸಿಬಿ ಬೀಳುತ್ತದೆ. ಒಂದು ಎಂಸಿಬಿಗೆ ಎಷ್ಟು ಡ್ರೈವರ್ ಅಂತ ಡ್ರೈವರಿನ ಡೇಟಾಶೀಟಿನಲ್ಲೇ ಇರುತ್ತದೆ. ಸಿ-ಕರ್ವ್ (ಕ್ಷಣದ ಏರಿಕೆಯನ್ನು ಬಿ-ಕರ್ವ್‌ಗಿಂತ ಹೆಚ್ಚು ತಾಳುವ ಬಗೆ) ಹಾಕಿ, ಮೂರ್ನಾಲ್ಕು ಸರ್ಕಿಟ್‌ಗೆ ಹಂಚಿ.

ಕೆಳಗಿನ ಹೋಟೆಲಿಗೆ 3000 ಕೆ (ಬೆಚ್ಚನೆಯ ಹಳದಿ ಛಾಯೆ), ಸಿಆರ್‌ಐ (ಬಣ್ಣಗಳನ್ನು ನಿಜದಂತೆ ತೋರಿಸುವ ಅಳತೆ) 90, ಜೊತೆಗೆ ಆರ್9 ಎಷ್ಟು ಅಂತ ಕೇಳಿ. ಸಿಆರ್‌ಐ 80 ಅಂತ ಬರೆದ ಅಗ್ಗದ ಲೈಟಿನಲ್ಲಿ ಆರ್9, ಅಂದರೆ ಕಡುಕೆಂಪನ್ನು ತೋರಿಸುವ ಗುಣ, ಸೊನ್ನೆಯ ಆಸುಪಾಸು ಇರಬಹುದು. ಮೈಸೂರು ಮಸಾಲೆಯ ಕೆಂಪು ಚಟ್ನಿಯನ್ನು ಅದರ ಕೆಳಗೆ ಹಿಡಿದು ನೋಡಿ, ನಿನ್ನೆಯದೇನೋ ಅನ್ನುವ ಹಾಗೆ ಕಂದಾಗಿ ಕಾಣುತ್ತದೆ. ಅಡುಗೆಮನೆಗೆ ಐಪಿ65 (ಧೂಳು, ನೀರು ಒಳಹೋಗದ ಮಟ್ಟ), ಒರೆಸಿದರೆ ಎಣ್ಣೆಜಿಡ್ಡು ಹೋಗುವ ಮುಚ್ಚಳದ್ದು. ಹುಡ್‌ನ ಒಳಗಿನ ಲೈಟಿನ ಡ್ರೈವರ್ ಹುಡ್‌ನ ಹೊರಗೆ ಇರಲಿ. ಆ ಬಿಸಿಗೆ ಮೊದಲು ಸಾಯುವುದು ಎಲ್‌ಇಡಿ ಅಲ್ಲ, ಡ್ರೈವರಿನ ಕೆಪಾಸಿಟರ್.

ಒಪ್ಪಂದದಲ್ಲಿ ಎರಡು ಮಾತು ಬಿಡಬೇಡಿ. ಒಂದು, ಬಿಒಕ್ಯೂದಲ್ಲಿ "ಅಥವಾ ತತ್ಸಮಾನ" ಅಂತಿದ್ದರೆ ಸಮಾನ ಅಂದರೇನು ಅಂತ ಬರೆಸಿ: ಲ್ಯುಮೆನ್, ಬೀಮ್ ಕೋನ, ಸಿಆರ್‌ಐ, ಬಣ್ಣದ ವ್ಯತ್ಯಾಸ 3 ಎಸ್‌ಡಿಸಿಎಂ (ಲೈಟಿನಿಂದ ಲೈಟಿಗೆ ಬಣ್ಣ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ) ಒಳಗೆ, ಡ್ರೈವರ್ ಯಾವ ಬಗೆ, ಎಲ್‌ಎಂ-79 (ಲೈಟಿನ ಬೆಳಕು-ಬಣ್ಣದ ಪ್ರಯೋಗಾಲಯ ಪರೀಕ್ಷೆ) ವರದಿ. ಬದಲಿ ಮಾಲಿಗೆ ಡಿಸೈನರ್ ಸಹಿ ಬೇಕು. ಇನ್ನೊಂದು, ಒಂದು ರೂಮನ್ನು ಪೂರ್ತಿ ಮಾಡಿ ತೋರಿಸಿದ ಮೇಲೆಯೇ ಉಳಿದ 21ಕ್ಕೆ ಆರ್ಡರ್.

---

ವಾಕಡ್ ದೋಸೆಕಲ್ಲು:

ಚಟ್ನಿಯ ಮಾತು ತಟ್ಟಿತು ಅಕ್ಕಾ. ಆದರೆ ಇಡೀ ಕಟ್ಟಡಕ್ಕೆ ಲೈಟಿಂಗ್ ಡಿಸೈನರ್ ಅಂದರೆ ಫೀಸು ಭಾರ ಆಗುತ್ತೆ. ಎಲೆಕ್ಟ್ರಿಕಲ್‌ನವರೇ ಎರಡೂ ಮಾಡಿದರೆ?

---

ಬೆಳಕಿನ ಲೆಕ್ಕ:

ಹಾಲ್, ಕೆಳಗಿನ ಹೋಟೆಲು, ಕಟ್ಟಡದ ಮುಂಭಾಗ, ಮತ್ತೆ ಒಂದು ಮಾದರಿ ರೂಮು, ಇಷ್ಟಕ್ಕೇ ಡಿಸೈನರ್ ಸಾಕು. ಕಾರಿಡಾರ್, ಮೆಟ್ಟಿಲು, ಪಾರ್ಕಿಂಗ್, ಅಡುಗೆಮನೆ ಎಲೆಕ್ಟ್ರಿಕಲ್ ಕನ್ಸಲ್ಟೆಂಟ್ ಮಾಡಲಿ. ಮೇಲೆ ಹೇಳಿದ ಅಡುಗೆಮನೆ ಸೂಚನೆ ಅವರ ಕೈಗೆ ಕೊಟ್ಟರಾಯಿತು. ಇಬ್ಬರ ನಡುವೆ ಬಿದ್ದುಹೋಗುವ ಕೆಲಸ ಒಂದೇ, ಡ್ರೈವರ್ ಎಲ್ಲಿ ಕೂರಬೇಕು, ಅದನ್ನು ಬದಲಿಸಲು ಸೀಲಿಂಗಿನಲ್ಲಿ ಬಾಗಿಲು ಎಲ್ಲಿ ಅನ್ನುವುದು. ಅದು ಯಾರ ಡ್ರಾಯಿಂಗಿನಲ್ಲಿ ಬರಬೇಕು ಅಂತ ಮೊದಲ ಮೀಟಿಂಗಿನಲ್ಲೇ ಹೆಸರು ಹಾಕಿ ಬರೆಸಿ.

---

ಮುಲುಂಡ್ ಮೀಟರ್:

ಒಂದೇ ಮಾತು. ಮೀಟರ್ ರೂಮು, ಮೇನ್ ಪ್ಯಾನೆಲ್ ಬೇಸ್‌ಮೆಂಟಿಗೆ ಹಾಕಲು ಬಿಡಬೇಡಿ, ಪಾರ್ಕಿಂಗ್ ಜಾಗ ಉಳಿಯುತ್ತದೆ ಅಂತ ಬಿಲ್ಡರು ಎಷ್ಟೇ ಹೇಳಲಿ. 2005ರ ಜುಲೈ 26ಕ್ಕೆ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ಮುಂಬೈಯಲ್ಲಿ ಯಾರೂ ಮರೆತಿಲ್ಲ. ಪುಣೆಯಲ್ಲಿ ಅಷ್ಟು ಸುರಿಯದಿದ್ದರೂ ಇಳಿಜಾರಿನ ರ್‍ಯಾಂಪಿನಲ್ಲಿ ನೀರು ಒಳಗೇ ಬರುವುದು. ನೆಲಮಹಡಿಯಲ್ಲಿ, ರಸ್ತೆಗಿಂತ ಎತ್ತರದಲ್ಲಿ, ಹೊರಗಿನಿಂದ ಬಾಗಿಲು ಇರುವ ಹಾಗೆ ಮಾಡಿಸಿ. ಮೇಲಿನ ಮಹಡಿಯ ಬಾತ್‌ರೂಮು ಅದರ ನೆತ್ತಿಯ ಮೇಲೆ ಬರಬಾರದು.

---

ವಾಕಡ್ ದೋಸೆಕಲ್ಲು:

ಒಳ್ಳೆಯದಾಯಿತು, ನಮ್ಮ ಪ್ಲಾನಿನಲ್ಲಿ ಅದು ಬೇಸ್‌ಮೆಂಟಿನಲ್ಲೇ ಇದೆ. ನಾಳೆಯೇ ಹೇಳುತ್ತೇನೆ. ವಿಷಯಾಂತರ ಅನ್ನಬೇಡಿ, ಭಾವನವರು ಗೋವಾದ ಕಾಣಕೋಣದಲ್ಲಿ ಸಮುದ್ರದ ಹತ್ತಿರ ಎಂಟು ಕೋಣೆಯ ರೆಸಾರ್ಟ್ ನೋಡುತ್ತಿದ್ದಾರೆ. ಅಲ್ಲಿಗೂ ಇದೇ ಕನ್ಸಲ್ಟೆಂಟ್ ನಡೆಯುತ್ತಾರಾ?

---

ಮಡಗಾಂವ್ ವೈರು:

ಲೆಕ್ಕ ಅದೇ ಮಾರಾಯ್ರೇ, ಮಾಲು ಬೇರೆ. ಕಡಲತೀರದ ಕೆಲಸ ಮಾಡಿದ ಡಿಸೈನರನ್ನೇ ಹುಡುಕಿ, ಅವರು ಮಾಡಿದ ಜಾಗಕ್ಕೆ ಎರಡು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ. ಹೊರಗಿನ ಲೈಟಿನ ತಿರುಪು ಬಿಚ್ಚಲು ಬರುತ್ತದಾ, ಬಣ್ಣ ಗುಳ್ಳೆ ಎದ್ದಿದೆಯಾ ಅಂತ ಕೈಯಿಂದ ಮುಟ್ಟಿ. ತಿರುಪು ಎಸ್‌ಎಸ್ 316 ಬೇಕು, 304 ಉಪ್ಪುಗಾಳಿಗೆ ಕಲೆ ಹಿಡಿಯುತ್ತದೆ. ಜಿಐ ಪೈಪು ಹೊರಗೆ ಬೇಡ. ಐಪಿ66 ಲೈಟು ತಂದು, ಕೇಬಲ್ ಒಳಹೋಗುವಲ್ಲಿ ಗ್ಲ್ಯಾಂಡ್ ಸಡಿಲ ಬಿಟ್ಟರೆ ಐಪಿ66 ಅನ್ನುವುದು ಪೆಟ್ಟಿಗೆಯ ಮೇಲಿನ ಬರಹ ಮಾತ್ರ. ಗುಡುಗು-ಮಿಂಚಿಗೆ ಮೇನ್ ಪ್ಯಾನೆಲಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದರ ಅರ್ಥ್ ವೈರು ಸುತ್ತಿ ಬಳಸದೆ ನೇರ, ಗಿಡ್ಡ ಇರಬೇಕು. ವೈರು ಉದ್ದವಾದಷ್ಟೂ ಅದರ ಕೆಲಸ ಕೆಡುತ್ತದೆ.

ಇನ್ನೊಂದು, ಕಾಣಕೋಣದ ಆಗೊಂದ, ಗಾಲ್ಜಿಬಾಗ್ ತೀರಕ್ಕೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಹೊರಬಂದು ಬೆಳಕು ಕಂಡ ಕಡೆಗೆ ಹರಿಯುತ್ತವೆ. ಬಿಳಿ ಫ್ಲಡ್‌ಲೈಟ್ ಕಡಲಿಗೆ ಮುಖ ಮಾಡಿದರೆ ಅವು ರೆಸಾರ್ಟಿಗೇ ಬರುತ್ತವೆ. ಮೊಣಕಾಲೆತ್ತರದ, ಮೇಲೆ ಮುಚ್ಚಿದ, ಅಂಬರ್ ಬಣ್ಣದ ದೀಪ, ಅದೂ ಕಡಲಿಗೆ ಬೆನ್ನು ಹಾಕಿ. ಇದನ್ನು ನೀವು ಹೇಳುವ ಮೊದಲೇ ಹೇಳಿದ ಡಿಸೈನರ್ ಆದರೆ ಮುಂದೆ ಮಾತಾಡಿ.

---

ಪಿಂಪ್ರಿ ಪ್ಯಾನೆಲ್:

ದೋಸೆಕಲ್ಲಿನ ಶೆಟ್ರ, ಟೆಸ್ಟಿಂಗ್ ಬಗ್ಗೆ ಬರಿಯೂದು ಬಿಟ್ಟಿದ್ದೆ. ಹೊಸಾ ಕಟ್ಟಡದಾಗ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಕಡಿಯೂ ಸ್ವಿಚ್) ಪದೇ ಪದೇ ಬೀಳ್ತದ ಅಂತ ಎಲೆಕ್ಟ್ರಿಷಿಯನ್ ಅದನ್ನ ಬೈಪಾಸ್ ಮಾಡಿ ಹೋಗ್ತಾನ. ಬಹಳ ಸಲ ಕಾರಣ ಒಂದ: ಎರಡು ಆರ್‌ಸಿಸಿಬಿಯ ನ್ಯೂಟ್ರಲ್ ಎಲ್ಲೋ ಒಂದು ಸ್ವಿಚ್ ಬಾಕ್ಸಿನಾಗ ಕೂಡಿರ್ತಾವ. ಹೋದ ಕರೆಂಟ್ ಬ್ಯಾರೆ ದಾರಿಯಿಂದ ತಿರುಗಿ ಬಂದ್ರ ಅದಕ್ಕ ಸೋರಿಕಿ ಅಂತನ ಕಾಣ್ತದ. ಪ್ರತಿ ಸರ್ಕಿಟ್‌ಗೆ ಬ್ಯಾರೆ ನ್ಯೂಟ್ರಲ್, ಎರಡೂ ತುದಿಗೆ ನಂಬರ್ ಹಾಕಿದ ಫೆರೂಲ್ (ವೈರಿನ ಗುರುತಿನ ಉಂಗುರ) ಅಂತ ಟೆಂಡರಿನಾಗ ಬರಸ್ರಿ. 22 ರೂಮಿನ 30 ಮಿಲಿಆಂಪಿಯರ್ ಆರ್‌ಸಿಸಿಬಿ ಒಂದೊಂದನ್ನೂ ಮೀಟರ್ ಹಚ್ಚಿ ಟೆಸ್ಟ್ ಮಾಡಿ, ಎಷ್ಟು ಮಿಲಿಸೆಕೆಂಡಿಗೆ ಬಿತ್ತು ಅಂತ ಬರಕೊಡಬೇಕು. ಬರೀ ಟೆಸ್ಟ್ ಬಟನ್ ಒತ್ತಿದ್ರ ಆಗೂದಿಲ್ಲ.

ಜನರೇಟರ್ ಚೇಂಜ್‌ಓವರ್ ನಾಲ್ಕು ಪೋಲಿಂದ (ಮೂರು ಫೇಸ್ ಜೊತಿ ನ್ಯೂಟ್ರಲ್ಲೂ ಕಡಿಯೂವಂಥಾದ್ದು) ಇರಲಿ. ಲೈಟಿನ ಸಬ್‌ಮೇನಿಗೆ ನ್ಯೂಟ್ರಲ್ ಅರ್ಧ ಸೈಜ್ ಕೊಡಬ್ಯಾಡ್ರಿ. ಎಲ್‌ಇಡಿ ಡ್ರೈವರುಗಳ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ಕರೆಂಟ್) ಮೂರೂ ಫೇಸಿಂದ ಬಂದು ನ್ಯೂಟ್ರಲ್‌ನಾಗ ಕೂಡತಾವ, ಕಳಿಯೂದಿಲ್ಲ. ಆ ನ್ಯೂಟ್ರಲ್ ಸುಟ್ಟು ಕಡದ್ರ 230 ಇರಬೇಕಾದಲ್ಲಿ 400ರ ಹತ್ರ ಹೋಗಬಹುದು, ರೂಮಿನ ಟಿವಿ, ಡ್ರೈವರ್ ಎಲ್ಲಾ ಒಂದ ರಾತ್ರಿಗೆ.

ಸ್ಲ್ಯಾಬಿನ ಮುಂಚಿನ ದಿನ ನೀವ ಮೊಬೈಲ್ ಹಿಡಕೊಂಡು ನಿಂದರ್ರಿ. ಪೈಪು ಕೆಳಗಿನ ಸರಳಿಗೂ ಮ್ಯಾಲಿನ ಸರಳಿಗೂ ನಡುವ ಇರಬೇಕು, ಬಾಕ್ಸಿನ ಬಾಯಿಗೆ ಥರ್ಮೋಕೋಲ್ ತುರಕಿರಬೇಕು, ಜೋಡಿಗೆ ಸೊಲ್ಯೂಷನ್ ಹಚ್ಚಿರಬೇಕು. ಪ್ರತಿ ಕಾಲಮ್ಮಿನಿಂದ ಟೇಪು ಹಿಡಿದು, ಅಳತಿ ಕಾಣೂ ಹಂಗ ಫೋಟೊ ತಗೀರಿ. ಮುಂದ ಫಾಲ್ಸ್ ಸೀಲಿಂಗಿನವರು ಡ್ರಿಲ್ ಹಿಡಕೊಂಡು ಬಂದಾಗ ಮೊದಲು ಆ ಫೋಟೊ ಅವರ ಕೈಯಾಗ ಕೊಡ್ರಿ.