ಮಳೆಗಾಲದಲ್ಲಿ ಗ್ಯಾಸ್ ಇಲ್ಲದಿದ್ದರೂ ಅಮೋನಿಯಾ ಸೆನ್ಸರ್ ಕೂಗುತ್ತದೆ, ಎಂತ ಮಾಡುವುದು?

ಕಡಲಬದಿ:
ಮಲ್ಪೆಯಲ್ಲಿ ಅಮೋನಿಯಾದಿಂದ ತಂಪು ಮಾಡುವ ಒಂದು ಐಸ್ ಪ್ಲಾಂಟಿನ ಕಂಪ್ರೆಸರ್ ರೂಮಿನಲ್ಲಿ ಪ್ರಯೋಗಕ್ಕೆ ಇಟ್ಟ ಸೆನ್ಸರ್. ಅಲ್ಯೂಮಿನಾ ಬಿಲ್ಲೆಯ ಮೇಲೆ ಸಿಲ್ವರ್ ಪೇಸ್ಟಿನ ಬಾಚಣಿಗೆಯಾಕಾರದ ಎಲೆಕ್ಟ್ರೋಡ್, ಅದರ ಮೇಲೆ ರಂಧ್ರಮಯ ಟಿನ್ ಆಕ್ಸೈಡ್. ರಂಧ್ರದ ವ್ಯಾಸ ಸುಮಾರು 6 ನ್ಯಾನೋಮೀಟರ್. ಹೀಟರ್ ಇಲ್ಲ, 5 ವೋಲ್ಟ್ ಡಿಸಿ. ಫೆಬ್ರವರಿಯಲ್ಲಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 25 ಪಾಲು) ಅಮೋನಿಯಾ ಚೆನ್ನಾಗಿ ಹಿಡಿಯುತ್ತಿತ್ತು. ಈಗ ತೇವಾಂಶ ಶೇ 88, ರೆಸಿಸ್ಟೆನ್ಸ್ ತಾನಾಗಿಯೇ ಕುಸಿದು ಅಲಾರಂ ಹೊಡೆಯುತ್ತದೆ. ಮೂರು ಸೆನ್ಸರ್‌ಗಳಲ್ಲಿ ಒಂದನ್ನು 120 ಡಿಗ್ರಿ ಓವನ್‌ನಲ್ಲಿ ಒಣಗಿಸಿದರೂ ಹಳೆಯ ಬೇಸ್‌ಲೈನಿಗೆ (ಗ್ಯಾಸ್ ಇಲ್ಲದಾಗಿನ ರೆಸಿಸ್ಟೆನ್ಸ್‌ಗೆ) ಬರುತ್ತಿಲ್ಲ. ಮೇಲೆ ಜಿಫ್-8 (ಸತು ಮತ್ತು ಸಾವಯವ ಅಣುಗಳಿಂದ ಹೆಣೆದ, ಅತಿ ಸಣ್ಣ ರಂಧ್ರಗಳ ವಸ್ತು) ಪದರ ಹಾಕಿದರೆ ನೀರು ತಡೆಯಬಹುದಾ?

ಪಿಂಗಾರ:
ಮೊದಲು ಲೆಕ್ಕ ನೋಡಿ. ಸಣ್ಣ ರಂಧ್ರದಲ್ಲಿ ಎಷ್ಟು ತೇವಾಂಶಕ್ಕೆ ಆವಿ ನೀರಾಗುತ್ತದೆ ಎಂದು ಹೇಳುವ ಕೆಲ್ವಿನ್ ಸಮೀಕರಣದ ಪ್ರಕಾರ 25 ಡಿಗ್ರಿಯಲ್ಲಿ, ರಂಧ್ರದ ಗೋಡೆ ಪೂರ್ತಿ ಒದ್ದೆಯಾಗುತ್ತದೆ ಎಂದು ಇಟ್ಟುಕೊಂಡರೆ, 3 ನ್ಯಾನೋಮೀಟರ್ ತ್ರಿಜ್ಯದ ರಂಧ್ರ ಶೇ 70 ತೇವಾಂಶಕ್ಕೇ ನೀರು ತುಂಬಿಕೊಳ್ಳುತ್ತದೆ. ಗೋಡೆಗೆ ಅಂಟಿದ ನೀರಿನ ಪದರವನ್ನೂ ಸೇರಿಸಿದರೆ ಇನ್ನೂ ಬೇಗ. ಶೇ 88ರಲ್ಲಿ ಖಾಲಿ ಉಳಿಯಬೇಕಾದರೆ ವ್ಯಾಸ 16 ನ್ಯಾನೋಮೀಟರ್ ದಾಟಬೇಕು. ಅಷ್ಟು ದೊಡ್ಡದಾದರೆ ಮೇಲ್ಮೈ ವಿಸ್ತೀರ್ಣ ಹೋಯಿತು, ರಂಧ್ರ ಮಾಡಿದ ಉದ್ದೇಶವೇ ಹೋಯಿತು.

ರಂಧ್ರ ಬದಲಿಸಬೇಡಿ, ಬಿಸಿ ಮಾಡಿ. 28 ಡಿಗ್ರಿ, ಶೇ 88ರ ಗಾಳಿ 80 ಡಿಗ್ರಿಯ ಪದರಕ್ಕೆ ತಾಗಿದಾಗ ಅಲ್ಲಿನ ಸಾಪೇಕ್ಷ ತೇವಾಂಶ ಬರೀ ಶೇ 7. ರಂಧ್ರದಲ್ಲಿ ನೀರು ನಿಲ್ಲುವುದಿಲ್ಲ. ಆದರೆ ಇದು ಅರ್ಧ ಪರಿಹಾರ. ಟಿನ್ ಆಕ್ಸೈಡ್ ಮೇಲೆ ಕೂತ ಆಕ್ಸಿಜನ್ ಎಲೆಕ್ಟ್ರಾನ್ ಕಸಿದಿಟ್ಟುಕೊಂಡಿರುತ್ತದೆ, ಅಮೋನಿಯಾ ಬಂದು ಅದನ್ನು ಬಿಡಿಸಿದಾಗ ರೆಸಿಸ್ಟೆನ್ಸ್ ಇಳಿಯುತ್ತದೆ. ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ (OH ಗುಂಪು) ಆಗಿ ಕೂತ ನೀರೂ ಅದೇ ದಿಕ್ಕಿಗೆ ಇಳಿಸುತ್ತದೆ, 80 ಡಿಗ್ರಿಗೆ ಅದು ಜಗ್ಗುವುದಿಲ್ಲ. 300 ಡಿಗ್ರಿಯ ಆಸುಪಾಸಿಗೆ ಹೋಗಬೇಕು, ಹೋದರೂ ಸ್ವಲ್ಪ ಪ್ರಭಾವ ಉಳಿಯುತ್ತದೆ. ಪಕ್ಕದಲ್ಲಿ ತೇವಾಂಶದ ಸೆನ್ಸರ್ ಇಟ್ಟು ತಿದ್ದುಪಡಿ ಮಾಡುವಾಗ ಶೇಕಡಾ ತೇವಾಂಶ ತೆಗೆದುಕೊಳ್ಳಬೇಡಿ. ಘನ ಮೀಟರಿಗೆ ಎಷ್ಟು ಗ್ರಾಂ ನೀರು ಎನ್ನುವುದಕ್ಕೆ ರೆಸಿಸ್ಟೆನ್ಸಿನ ಲಾಗರಿದಂ ಹೊಂದಿಸಿ. ಅಷ್ಟು ಬಿಸಿಯ ಪದರವನ್ನು ಕಂಪ್ರೆಸರ್ ರೂಮಿನಲ್ಲಿ ತೆರೆದಿಡಬಾರದು, ಎರಡು ಪದರದ ಸ್ಟೀಲ್ ಜಾಳಿಗೆ ಬೇಕು.

ಕುಡ್ಲ_ಕೆಮಿ:
ಜಿಫ್-8ರ ಬಗ್ಗೆ: ಅದರ ಕಿಟಕಿ (ರಂಧ್ರದ ಬಾಯಿ) 3.4 ಆಂಗ್‌ಸ್ಟ್ರಾಮ್, ಅಂದರೆ 0.34 ನ್ಯಾನೋಮೀಟರ್. ನೀರು, ಅಮೋನಿಯಾ ಎರಡರ ಅಣುವೂ 3 ಆಂಗ್‌ಸ್ಟ್ರಾಮಿನ ಒಳಗೆ. ಹಾಗಾಗಿ ಜರಡಿಯಾಗಿ ಉಪಯೋಗವಿಲ್ಲ ಮಾರಾಯ್ರೆ. ಅದಕ್ಕೆ ನೀರು ಹಿಡಿಸುವುದಿಲ್ಲ ಎನ್ನುವುದು ನಿಜ, ಆದರೆ ಆವಿ ದಾಟಿ ಒಳಗಿನ ಟಿನ್ ಆಕ್ಸೈಡ್‌ಗೆ ಹೋಗಿಯೇ ಹೋಗುತ್ತದೆ. ಯಾರಾದರೂ ಎಚ್‌ಕೆಯುಎಸ್‌ಟಿ-1 (ತಾಮ್ರದಿಂದ ಮಾಡಿದ ಇಂಥದೇ ರಂಧ್ರಮಯ ವಸ್ತು) ಹಾಕಿ ಎಂದರೆ ಕೇಳಬೇಡಿ. ತೇವ ಮತ್ತು ಅಮೋನಿಯಾ ಒಟ್ಟಿಗೆ ಸಿಕ್ಕಿದರೆ ಅದರ ತಾಮ್ರದ ಚೌಕಟ್ಟೇ ಕುಸಿಯುತ್ತದೆ.

ವಾಪಸ್ ಬಾರದ ಆ ಒಂದು ಸೆನ್ಸರ್ ಬೇರೆಯೇ ಕಾಯಿಲೆ. ಒದ್ದೆ, ಮೇಲಿಂದ 5 ವೋಲ್ಟ್ ಡಿಸಿ, ಅದೂ ಬೆಳ್ಳಿ! ಬೆಳ್ಳಿ ಅಯಾನುಗಳು ಧನ ಹಲ್ಲಿನಿಂದ ಕರಗಿ ಋಣ ಹಲ್ಲಿನ ಮೇಲೆ ಜರೀಗಿಡದ ಎಲೆಯಂತೆ ಕವಲೊಡೆದು ಬೆಳೆಯುತ್ತವೆ. 50 ಪಟ್ಟು ಮೈಕ್ರೋಸ್ಕೋಪಿನಲ್ಲಿ ಕಾಣಬಹುದು. ಇದು ಒಣಗಿಸಿದರೆ ಹೋಗುವ ವಸ್ತುವಲ್ಲ. ಜೊತೆಗೆ ಕೊಳೆತ ಮೀನಿನ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಚಿನ್ನ ಅಥವಾ ಪ್ಲಾಟಿನಂ ಎಲೆಕ್ಟ್ರೋಡ್ ಹಾಕಿ, 0.5 ವೋಲ್ಟ್ ಸಾಕು, ಪ್ರತಿ ಅಳತೆಗೂ ಧ್ರುವ ಅದಲುಬದಲು ಮಾಡಿ.

ಕಡಲಬದಿ:
ಜರೀಗಿಡ ಉಂಟು, ಸರಿಯಾಗಿ ಹೇಳಿದ್ದೀರಿ. ಇನ್ನು ಕ್ಯಾಲಿಬ್ರೇಷನ್: 10 ಲೀಟರ್ ಗಾಜಿನ ಡಬ್ಬಿ, ಕೆಳಗೆ ಪೊಟ್ಯಾಸಿಯಂ ಕ್ಲೋರೈಡಿನ ಸಂತೃಪ್ತ ದ್ರಾವಣ ಇಟ್ಟು ಶೇ 84 ತೇವಾಂಶ, ಆಮೇಲೆ ದುರ್ಬಲ ಅಮೋನಿಯಾ ದ್ರಾವಣದ ಹನಿ. ಒಣ ಗಾಳಿಗೆ ಕ್ಯಾಲ್ಸಿಯಂ ಕ್ಲೋರೈಡ್. ಸರಿ ಉಂಟಾ?

ಪಿಂಗಾರ:
ಮೂರು ಕಡೆ ತಪ್ಪು.

ದ್ರಾವಣದ ತಟ್ಟೆ ಒಳಗೇ ಇದ್ದರೆ ಅಮೋನಿಯಾವನ್ನು ಅದೇ ಕುಡಿದು ಬಿಡುತ್ತದೆ. ತೇವಾಂಶ ಸ್ಥಿರವಾದ ಮೇಲೆ ತಟ್ಟೆಗೆ ಬಿಗಿ ಮುಚ್ಚಳ ಹಾಕಿ, ಆಮೇಲೆ ಗ್ಯಾಸ್ ಬಿಡಿ.

ಕ್ಯಾಲ್ಸಿಯಂ ಕ್ಲೋರೈಡ್ ಅಮೋನಿಯಾದೊಂದಿಗೆ ಕೂಡಿಕೊಳ್ಳುತ್ತದೆ, ಸಿಲಿಕಾ ಜೆಲ್ ಕೂಡ ಹೀರುತ್ತದೆ. ಸುಟ್ಟ ಸುಣ್ಣ ಅಥವಾ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಬಳಸಿ.

10 ಲೀಟರಿಗೆ 25 ಪಿಪಿಎಂ ಎಂದರೆ 0.25 ಮಿಲಿಲೀಟರ್ ಗ್ಯಾಸ್, ಸುಮಾರು 10 ಮೈಕ್ರೋಮೋಲ್. ಶೇ 25ರ ದ್ರಾವಣದಲ್ಲಿ 0.76 ಮೈಕ್ರೋಲೀಟರ್. ಅಷ್ಟು ಸಣ್ಣದು ಅಳೆಯುವುದು ಕಷ್ಟ ಎಂದು ಹತ್ತು ಪಟ್ಟು ನೀರು ಬೆರೆಸಿ 7.6 ಮೈಕ್ರೋಲೀಟರ್ ಹಾಕಿದರೆ, ಆ ಹನಿಯ ನೀರೇ ಡಬ್ಬಿಯ ತೇವಾಂಶವನ್ನು ಶೇ 3ರಷ್ಟು ಏರಿಸುತ್ತದೆ. ನಿಮ್ಮ ಫೆಬ್ರವರಿಯ ಗ್ರಾಫಿನಲ್ಲಿ ನೀರಿನ ಪಾಲೂ ಇರಬಹುದು. ಪ್ರತಿ ಸಲ ಅಷ್ಟೇ ಶುದ್ಧ ನೀರಿನ ಹನಿ ಹಾಕಿ ಒಂದು ಖಾಲಿ ಓಟ ತೆಗೆದು ಹೋಲಿಸಿ. ಒಳಗೆ ಸಣ್ಣ ಫ್ಯಾನ್ ಇರಲಿ. ಅಮೋನಿಯಾ ಗಾಜಿಗೂ ಅಂಟುತ್ತದೆ, ಮೊದಲ ಎರಡು ಓಟದ ರೀಡಿಂಗ್ ಲೆಕ್ಕಕ್ಕೆ ಹಿಡಿಯಬೇಡಿ.

ಕುಡ್ಲ_ಕೆಮಿ:
ಇನ್ನೊಂದು. ಎಂಟು ಗಂಟೆ ಕೆಲಸಕ್ಕೆ ಮಿತಿ 25 ಪಿಪಿಎಂ, 300 ಪಿಪಿಎಂ ಪ್ರಾಣಾಪಾಯ. ನಿಮ್ಮ ಸೆನ್ಸರನ್ನು ಛಾವಣಿ ಹತ್ತಿರ ಇಡಿ, ಅಮೋನಿಯಾ ಆವಿ ಗಾಳಿಗಿಂತ ಹಗುರ. ಆದರೆ ಪೈಪಿನಿಂದ ದ್ರವವಾಗಿ ಸಿಡಿದರೆ ತಣ್ಣಗಿನ ಮಂಜಾಗಿ ನೆಲಕ್ಕೇ ಹರಿಯುತ್ತದೆ, ಅದಕ್ಕೆ ಕೆಳಗೂ ಒಂದು ಬೇಕು. ಪ್ಲಾಂಟಿನವರ ಪ್ರಮಾಣಿತ ಅಲಾರಂ ಮಾತ್ರ ತೆಗೆಸಬೇಡಿ, ನಿಮ್ಮದು ಅದರ ಪಕ್ಕದಲ್ಲಿ ಇರಲಿ.