ಒಬ್ಬಳೇ ಓಡಿದಾಗಿನ ಸಮಯವನ್ನು ಎಷ್ಟು ನಂಬಬಹುದು? ರಾಜ್ಯ ಮೇಳದ 3000 ಮೀಟರ್ ಓಟಕ್ಕೆ ಮುನ್ನ

ಪ್ರಶ್ನೆ
(ದೈಹಿಕ ಶಿಕ್ಷಣ ಅಧ್ಯಾಪಕ, ಮುಳ್ಳೇರಿಯ ಸಮೀಪ)

ದೂರದ ಓಟದಲ್ಲಿ ಅನುಭವವಿರುವ ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಪ್ಲಸ್ ಟು ವಿದ್ಯಾರ್ಥಿನಿಯೊಬ್ಬಳು ಇನ್ನು 22 ದಿನಗಳಲ್ಲಿ ರಾಜ್ಯ ಶಾಲಾ ಕ್ರೀಡಾಮೇಳದ 3000 ಮೀಟರ್ ಓಟದಲ್ಲಿ ಸ್ಪರ್ಧಿಸಲಿದ್ದಾಳೆ. ಅವಳು ಈಗ ಯಾವ ಸ್ಥಿತಿಯಲ್ಲಿದ್ದಾಳೆ ಎಂಬುದನ್ನು ಅಳೆಯುವುದರಲ್ಲಿಯೇ ನಾನು ಗೊಂದಲಕ್ಕೆ ಬಿದ್ದಿದ್ದೇನೆ.

ನಮ್ಮ ಮೈದಾನದಲ್ಲಿ 200 ಮೀಟರಿನ ಸುತ್ತು ಮಾತ್ರ ಇದೆ. ಮುರಕಲ್ಲಿನ ಗುಡ್ಡೆಯನ್ನು ಸಮತಟ್ಟು ಮಾಡಿದ ನೆಲವಾದುದರಿಂದ ಮಳೆ ಬಂದ ಮರುದಿನ ಸುಣ್ಣದ ಗೆರೆಯನ್ನು ಹೊಸದಾಗಿ ಎಳೆಯಬೇಕಾಗುತ್ತದೆ. ಅಲ್ಲಿ ಒಬ್ಬಳೇ ಹದಿನೈದು ಸುತ್ತು ಓಡಿದಾಗ, ಪ್ರತಿ ಸುತ್ತಿಗೆ 42ರಿಂದ 43 ಸೆಕೆಂಡಿನಂತೆ ಗಡಿಯಾರದ ಮುಳ್ಳಿನ ಹಾಗೆ ಸಾಗಿ, 10 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದಳು. ಆದರೆ ಜಿಲ್ಲಾ ಮೇಳದ ಸಿಂಥೆಟಿಕ್ ಟ್ರ್ಯಾಕಿನಲ್ಲಿ, ಅಂದರೆ ಇದಕ್ಕಿಂತ ಎಷ್ಟೋ ಒಳ್ಳೆಯ ನೆಲದಲ್ಲಿ, 10 ನಿಮಿಷ 47 ಸೆಕೆಂಡ್ ತೆಗೆದುಕೊಂಡು ದ್ವಿತೀಯಳಾದಳು. ಮೊದಲ 2000 ಮೀಟರಿಗೆ 7 ನಿಮಿಷ 20 ಸೆಕೆಂಡ್ ಹಿಡಿಯಿತು, ಏಕೆಂದರೆ ಯಾರೂ ಮುಂದೆ ಹೋಗಲಿಲ್ಲ. ಕೊನೆಯ 200 ಮೀಟರಿನ ತನಕ ಇಬ್ಬರೂ ಜತೆಯಲ್ಲಿದ್ದರು. ಅಲ್ಲಿಂದ ಇವಳು 39 ಸೆಕೆಂಡಿನಲ್ಲಿ ಬಂದಳು, ಇನ್ನೊಬ್ಬಳು 36ರಲ್ಲಿ ಬಂದಳು.

2025ರ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನ 10,000 ಮೀಟರ್ ಓಟವನ್ನು ನೋಡಿದಂದಿನಿಂದ ಇದೇ ಪ್ರಶ್ನೆ ನನ್ನ ತಲೆಯಲ್ಲಿದೆ. ಭಾರತದ ಗುಲ್‌ವೀರ್ ಸಿಂಗ್ ಅವರು ಅದೇ ವರ್ಷ 27 ನಿಮಿಷ 00.22 ಸೆಕೆಂಡಿನ ರಾಷ್ಟ್ರೀಯ ದಾಖಲೆ ಮಾಡಿದ್ದರು. ಟೋಕಿಯೊದಲ್ಲಿ ಫ್ರಾನ್ಸಿನ ಜಿಮ್ಮಿ ಗ್ರೆಸಿಯೆ ಅವರು ಗೆದ್ದದ್ದು 28 ನಿಮಿಷ 55.77 ಸೆಕೆಂಡಿನಲ್ಲಿ, ಗುಲ್‌ವೀರ್ ಅವರಿಗೆ ದೊರೆತದ್ದು ಹದಿನಾರನೆಯ ಸ್ಥಾನ. ಹಾಗಾದರೆ ಅಧ್ಯಾಪಕನಾದ ನಾನು ಯಾವ ಅಂಕೆಯನ್ನು ನಂಬಬೇಕು? ಅವಳಿಗೆ ಆರಂಭದಿಂದಲೇ ಮುಂದೆ ಓಡಲು ಹೇಳಲೇ, ಕಾಯಲು ಹೇಳಲೇ?

ಉತ್ತರ 1
(ಹಿಂದೆ ಸೇನಾ ತಂಡದಲ್ಲಿ 5000 ಮೀಟರ್ ಓಡುತ್ತಿದ್ದವನು, ಪೆರ್ಲ)

ಮಾಸ್ತರರೇ, ಟೋಕಿಯೊದ ಉದಾಹರಣೆಯಲ್ಲಿಯೇ ನಿಮ್ಮ ಉತ್ತರದ ಅರ್ಧ ಭಾಗವಿದೆ. ದಾಖಲೆಯ ಓಟಗಳಲ್ಲಿ ವೇಗ ಹಿಡಿದುಕೊಡುವ ಪೇಸರ್‌ಗಳಿರುತ್ತಾರೆ. ಎಲ್ಲರ ಗುರಿಯೂ ಸಮಯವೇ ಆಗಿರುವುದರಿಂದ ಓಟ ಒಂದೇ ಹದದಲ್ಲಿ ಸಾಗುತ್ತದೆ. ಚಾಂಪಿಯನ್‌ಶಿಪ್‌ನಲ್ಲಿ ಪೇಸರ್ ಇಲ್ಲ, ಸಮಯಕ್ಕೆ ಪದಕವೂ ಇಲ್ಲ. ಗುಲ್‌ವೀರ್ ಅವರ ದಾಖಲೆ ಗೆದ್ದವನ ಸಮಯಕ್ಕಿಂತ ಎರಡು ನಿಮಿಷದಷ್ಟು ಉತ್ತಮವಾಗಿತ್ತಲ್ಲ ಎಂದು ಆಗ ಬಹಳ ಮಂದಿ ಬೇಸರಪಟ್ಟುಕೊಂಡರು. ಆದರೆ ಅಂದು ನಡೆದದ್ದು ಬೇರೆಯೇ ಪರೀಕ್ಷೆ: ಇಪ್ಪತ್ತನಾಲ್ಕು ಸುತ್ತು ಕಾದು, ಕೊನೆಗೆ ಒಮ್ಮೆಲೇ ವೇಗ ಬದಲಿಸುವ ಪರೀಕ್ಷೆ.

ಇನ್ನೂ ಸ್ಪಷ್ಟವಾದ ಉದಾಹರಣೆ ಅವಿನಾಶ್ ಸಾಬ್ಳೆ ಅವರದು. 2022ರ ಜುಲೈಯಲ್ಲಿ ಯೂಜೀನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ (ಅಡ್ಡಗಟ್ಟೆಗಳನ್ನೂ ನೀರಿನ ಹೊಂಡವನ್ನೂ ದಾಟುತ್ತಾ ಓಡುವ ಸ್ಪರ್ಧೆ) ಫೈನಲ್ ನಿಧಾನವಾಗಿ ಸಾಗಿತು. ಅವರು 8 ನಿಮಿಷ 31.75 ಸೆಕೆಂಡಿನಲ್ಲಿ ಹನ್ನೊಂದನೆಯವರಾದರು. ಮೂರು ವಾರ ತುಂಬುವ ಮೊದಲೇ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ಓಟ ಬಿರುಸಾಗಿ ಸಾಗಿದಾಗ, ಅದೇ ಮನುಷ್ಯ 8 ನಿಮಿಷ 11.20 ಸೆಕೆಂಡಿನ ಅಂದಿನ ರಾಷ್ಟ್ರೀಯ ದಾಖಲೆಯೊಂದಿಗೆ ಬೆಳ್ಳಿ ಗೆದ್ದರು. ಕೀನ್ಯಾದ ಅಬ್ರಹಾಂ ಕಿಬಿವೊಟ್ ಅವರಿಗೂ ಇವರಿಗೂ ಇದ್ದ ಅಂತರ ಕೇವಲ 0.05 ಸೆಕೆಂಡ್. ಅಷ್ಟು ದಿನಗಳಲ್ಲಿ ಯಾರ ದೇಹವೂ 20 ಸೆಕೆಂಡಿನಷ್ಟು ಬದಲಾಗುವುದಿಲ್ಲ. ಬದಲಾದದ್ದು ಓಟದ ಸ್ವರೂಪ.

ಆದುದರಿಂದ ಅವಳ 10:36 ಸುಳ್ಳಲ್ಲ, 10:47 ಅವನತಿಯೂ ಅಲ್ಲ. ಜಿಲ್ಲೆಯಲ್ಲಿ ಅವಳು ಕೊನೆಯ 1000 ಮೀಟರನ್ನು 3 ನಿಮಿಷ 27 ಸೆಕೆಂಡಿನಲ್ಲಿ ಓಡಿದ್ದಾಳೆ ಎಂಬುದನ್ನು ನಿಮ್ಮ ಅಂಕೆಗಳೇ ಹೇಳುತ್ತಿವೆ. ಈಗ ನೀವು ತಿಳಿಯಬೇಕಾದದ್ದು ಆ ಕೊನೆಯ 3 ಸೆಕೆಂಡ್ ಎಲ್ಲಿ ಹೋಯಿತು ಎಂಬುದನ್ನು. ಒಂದು ದಿನ ಚೆನ್ನಾಗಿ ಮೈ ಬಿಸಿ ಮಾಡಿಸಿ 400 ಮೀಟರ್ ಮಾತ್ರ ಓಡಿಸಿರಿ. ಎರಡು ಮೂರು ದಿನ ಬಿಟ್ಟು, ಜಿಲ್ಲಾ ಮೇಳದ ವೇಗದಲ್ಲಿಯೇ, ಅಂದರೆ ನಿಮ್ಮ ಸುತ್ತಿಗೆ 44 ಸೆಕೆಂಡಿನಂತೆ, 2000 ಮೀಟರ್ ಓಡಿಸಿ, ನಿಲ್ಲಿಸದೆ 600 ಮೀಟರನ್ನು ತುಸು ಬಿರುಸಾಗಿಯೂ ಕೊನೆಯ 400 ಮೀಟರನ್ನು ಪೂರ್ಣ ಬಲದಿಂದಲೂ ಓಡಿಸಿರಿ. ದಣಿಯದ ಕಾಲಿನ 400ಕ್ಕೂ ದಣಿದ ಕಾಲಿನ 400ಕ್ಕೂ ಹತ್ತು ಸೆಕೆಂಡಿನ ಅಂತರವಿದ್ದರೆ ಕೊರತೆ ತಾಳಿಕೆಯದು. ಅಂತರ ಕಡಿಮೆಯಿದ್ದು, ದಣಿಯದ ಕಾಲಿನ ಸಮಯವೇ ಸಾಧಾರಣವಾಗಿದ್ದರೆ ಕೊರತೆ ಮೂಲ ವೇಗದ್ದು. ಅದನ್ನು 22 ದಿನಗಳಲ್ಲಿ ಯಾರಿಂದಲೂ ತುಂಬಿಸಿಕೊಡಲಾಗದು. ಆಗ ಮಾಡಬಹುದಾದದ್ದು ಒಂದೇ: ಕೊನೆಯ 200 ಮೀಟರಿನ ಜಗಳಕ್ಕೆ ನಿಲ್ಲದೆ, ಎದುರಾಳಿಯ ಕಾಲು ಮೊದಲೇ ಭಾರವಾಗುವಂತೆ ದೂರದಿಂದಲೇ ಓಟವನ್ನು ಬಿಗಿ ಮಾಡುವುದು.

ಉತ್ತರ 2
(ವಿಶ್ವವಿದ್ಯಾಲಯ ಮಟ್ಟದ ಮಾಜಿ ಓಟಗಾರ್ತಿ, ಮಂಜೇಶ್ವರ)

ಮೇಲಿನ ಅಣ್ಣ ಬರೆದುದನ್ನು ಒಪ್ಪುತ್ತೇನೆ. ಆದರೆ ಮಾಸ್ತರರೇ, ದಯವಿಟ್ಟು ಆ ಪರೀಕ್ಷೆಯನ್ನು ಈ ವಾರವೇ ಮುಗಿಸಿಬಿಡಿ. ನನ್ನ ಕಾಲದಲ್ಲಿ ತರಬೇತುದಾರರೊಬ್ಬರು ಕೂಟಕ್ಕೆ ಆರು ದಿನವಿರುವಾಗ ಪೂರ್ಣ 5000 ಮೀಟರ್ ಟ್ರಯಲ್ ಓಡಿಸಿದ್ದರು; ಆ ಟ್ರಯಲ್ ನನ್ನ ಆ ವರ್ಷದ ಅತ್ಯುತ್ತಮ ಓಟವಾಯಿತು, ಕೂಟದಲ್ಲಿ ಮೂರನೆಯ ಸುತ್ತಿಗೇ ತೊಡೆಗಳು ಮರದ ತುಂಡಿನಂತಾದವು. ಕೊನೆಯ ಹತ್ತು ದಿನಗಳಲ್ಲಿ ಓಡುವ ದೂರವನ್ನು ಕಡಿಮೆ ಮಾಡುತ್ತಾ ಬನ್ನಿ, ವೇಗವನ್ನು ಮಾತ್ರ ಕಡಿಮೆ ಮಾಡಬೇಡಿ: ಎರಡು ದಿನಕ್ಕೊಮ್ಮೆ ನಾಲ್ಕೈದು ಚುರುಕಾದ 200 ಮೀಟರ್‌ಗಳು, ನಡುವೆ ಸಾಕಷ್ಟು ವಿಶ್ರಾಂತಿ ಸಾಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಅಳತೆಯನ್ನು ನಾವು ಮರೆಯುತ್ತೇವೆ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣದ ಅಂಶ ಕುಸಿದಿರಬಹುದು. ಫೆರಿಟಿನ್ ಎಂಬ ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ತರಬೇತಿ ಸರಿಯಾಗಿಯೇ ನಡೆಯುತ್ತಿದ್ದು, ಕಾರಣವಿಲ್ಲದೆ ಕೊನೆಯ ಸುತ್ತುಗಳು ಭಾರವಾಗುತ್ತಿದ್ದರೆ ವೈದ್ಯರನ್ನು ಕಂಡು ಅದನ್ನು ಮಾಡಿಸಿರಿ. ಸ್ವಂತ ನಿರ್ಧಾರದಿಂದ ಮಾತ್ರೆ ಕೊಡಬೇಡಿ. ಬೆಳಗ್ಗೆ ಎದ್ದ ಕೂಡಲೇ ನಾಡಿಬಡಿತ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ಅವಳಿಗೇ ಕಲಿಸಿರಿ. ತಿಂಗಳ ಮುಟ್ಟಿನ ದಿನಗಳ ಲೆಕ್ಕವೂ ಆ ಪುಸ್ತಕದಲ್ಲಿಯೇ ಇರಲಿ. ಅಧ್ಯಾಪಕರಲ್ಲಿ ಹೇಳಲು ಅವಳಿಗೆ ಸಂಕೋಚವಾಗುವುದಾದರೆ ಶಾಲೆಯ ಒಬ್ಬ ಟೀಚರ್ ವಿಚಾರಿಸಲಿ.

ತಂತ್ರದ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾಯುವುದು ಎಂದರೆ ಗುಂಪಿನ ಹೊರಬದಿಯಲ್ಲಿ ಓಡುತ್ತಾ ಕಾಯುವುದಲ್ಲ. ಲೇನಿನ ಅಗಲ 1.22 ಮೀಟರ್, ಎರಡನೆಯ ಲೇನಿನಲ್ಲಿ ಪೂರ್ಣ ಸುತ್ತು ಹಾಕಿದರೆ ಏಳು ಮೀಟರಿಗೂ ಹೆಚ್ಚು ದೂರವನ್ನು ಸುಮ್ಮನೆ ಓಡಿದಂತಾಗುತ್ತದೆ. ಜಿಲ್ಲಾ ಓಟದ ವೀಡಿಯೊ ಇದ್ದರೆ, ಅವಳು ತಿರುವುಗಳಲ್ಲಿ ಎಲ್ಲಿದ್ದಳು ಎಂದು ನೋಡಿರಿ. ತಿರುವಿನಲ್ಲಿ ಒಳಗಿನ ಗೆರೆಯ ಬಳಿ ಇರಬೇಕು, ನೇರ ಭಾಗದಲ್ಲಿ ಅರ್ಧ ಹೆಜ್ಜೆ ಹೊರಗೆ ಬಂದು ದಾರಿ ತೆರೆದಿಟ್ಟುಕೊಳ್ಳಬೇಕು. 200 ಮೀಟರಿನ ಸುತ್ತಿನಲ್ಲಿ ಒಬ್ಬಳೇ ಓಡುವವಳಿಗೆ ಇದು ತಾನಾಗಿ ಬರುವುದಿಲ್ಲ; ಅಕ್ಕಪಕ್ಕದಲ್ಲಿ ಮೂರ್ನಾಲ್ಕು ಹುಡುಗರನ್ನು ಓಡಿಸಿ ಕಲಿಸಬೇಕಾಗುತ್ತದೆ.

ಉತ್ತರ 3
(ಕ್ರೀಡಾಪ್ರೇಮಿ, ಪೈವಳಿಕೆ)

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಬ್ಬಳೇ 10:36 ಓಡಬಲ್ಲವಳು ಮೊದಲ ಸುತ್ತಿನಿಂದಲೇ ಅದೇ ವೇಗದಲ್ಲಿ ಹೊರಟುಬಿಡಲಿ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸಾಬ್ಳೆ ಅವರು ಯಾರನ್ನೂ ಕಾಯದೆ ಮುಂದೆ ಸಾಗಿ 8 ನಿಮಿಷ 19.50 ಸೆಕೆಂಡಿನಲ್ಲಿ ಚಿನ್ನ ಗೆದ್ದರಲ್ಲವೇ? ಕೊನೆಯ ವೇಗ ಇಲ್ಲದವರಿಗೆ ಇರುವ ಏಕೈಕ ದಾರಿ ಅದು.

ಉತ್ತರ 1ರ ಲೇಖಕರಿಂದ ಮತ್ತೆ

ಸಾಬ್ಳೆ ಅವರು ಹಾಗೆ ಓಡಿದ್ದು ಏಷ್ಯಾದ ಉಳಿದವರಿಗಿಂತ ತಾನು ಎಷ್ಟು ಮೇಲಿದ್ದೇನೆ ಎಂಬ ಖಚಿತವಾದ ಅರಿವಿನಿಂದ. ರಾಜ್ಯ ಮೇಳದಲ್ಲಿ ಈ ಹುಡುಗಿಗೆ ಅಂತಹ ಅಂತರವಿದೆ ಎಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಅದೇ ಹಾಂಗ್‌ಝೌನಲ್ಲಿ ಪಾರುಲ್ ಚೌಧರಿ ಅವರು ಜಪಾನಿನ ಓಟಗಾರ್ತಿಯ ಹಿಂದೆಯೇ ಇದ್ದು, 5000 ಮೀಟರಿನ ಕೊನೆಯ ಕೆಲವೇ ಮೀಟರುಗಳಲ್ಲಿ ಮುಂದೆ ಬಂದು ಗೆದ್ದರು. ಅದಕ್ಕೂ ಹಿಂದಿನ ದಿನವಷ್ಟೇ ಅವರು ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ ಗೆದ್ದಿದ್ದರು. ಮುಂದಿರುವುದೋ ಹಿಂದಿರುವುದೋ ಎಂಬುದನ್ನು ಕಾಲಿನಲ್ಲಿ ಏನಿದೆ ಎಂದು ಅಳೆದ ಮೇಲೆ ನಿರ್ಧರಿಸೋಣ.

ಪ್ರಶ್ನೆ ಕೇಳಿದವರಿಂದ, ಆರು ದಿನಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ಎರಡೂ ಪರೀಕ್ಷೆಗಳನ್ನು ಮಾಡಿದೆ. ದಣಿಯದ ಕಾಲಿನ 400 ಮೀಟರ್ 69 ಸೆಕೆಂಡಿನಲ್ಲಿ ಮುಗಿಯಿತು. ಮೂರು ದಿನಗಳ ಮೇಲೆ 7 ನಿಮಿಷ 20 ಸೆಕೆಂಡಿನಲ್ಲಿ 2000 ಮೀಟರ್, ಬಳಿಕ 2 ನಿಮಿಷ 5 ಸೆಕೆಂಡಿನಲ್ಲಿ 600 ಮೀಟರ್, ಕೊನೆಯ 400 ಮೀಟರಿಗೆ 74 ಸೆಕೆಂಡ್. ಒಟ್ಟು 10 ನಿಮಿಷ 39 ಸೆಕೆಂಡ್. ಅಂತರ ಐದೇ ಸೆಕೆಂಡಾದುದರಿಂದ ತಾಳಿಕೆಯಲ್ಲಿ ದೊಡ್ಡ ಕೊರತೆಯಿಲ್ಲ. ಮೂಲ ವೇಗವೇ ಸಾಧಾರಣ ಎಂಬುದು ಸ್ಪಷ್ಟವಾಯಿತು. ಕೊನೆಯ ಸುತ್ತಿನಲ್ಲಿ ಅವಳ ಬಲಭುಜ ಕಿವಿಯ ಕಡೆಗೆ ಏರಿ, ಮುಷ್ಟಿ ಬಿಗಿಯಾಗಿ, ಎಡಗೈ ಎದೆಯನ್ನು ದಾಟಿ ಬೀಸುತ್ತಿತ್ತು. ಇಷ್ಟು ದಿನ ಗಡಿಯಾರವನ್ನೇ ನೋಡುತ್ತಿದ್ದ ನಾನು ಇದನ್ನು ಗಮನಿಸಿರಲಿಲ್ಲ. ಹೆಬ್ಬೆರಳು ತೋರುಬೆರಳಿಗೆ ಮೆಲ್ಲನೆ ತಾಗುವಷ್ಟೇ ಮುಷ್ಟಿ ಹಿಡಿದು ಓಡಲು ಹೇಳಿದ್ದೇನೆ.

ವೀಡಿಯೊವನ್ನೂ ನೋಡಿದೆ. ಮಂಜೇಶ್ವರದವರು ಊಹಿಸಿದಂತೆಯೇ ಇತ್ತು: ಆರು ತಿರುವುಗಳಲ್ಲಿ ಅವಳು ಇನ್ನೊಬ್ಬಳ ಹೊರಬದಿಯಲ್ಲಿಯೇ ಇದ್ದಾಳೆ.

ಯಾವಾಗ ಮುನ್ನುಗ್ಗುವೆ ಎಂದು ಅವಳನ್ನೇ ಕೇಳಿದಾಗ, “ಗಂಟೆ ಬಾರಿಸಿದ ಮೇಲೆ ಎಲ್ಲರೂ ಓಡ್ತಾರೆ ಸರ್, ಅದಕ್ಕಿಂತ ಮೊದಲೇ ಹೋಗ್ಬೇಕು” ಎಂದಳು (ಕೊನೆಯ ಸುತ್ತು ಆರಂಭವಾಗುವಾಗ ಗಂಟೆ ಬಾರಿಸುತ್ತಾರೆ). 600 ಮೀಟರ್ ಉಳಿದಿರುವಾಗ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಮೇಳದ 400 ಮೀಟರಿನ ಟ್ರ್ಯಾಕಿನಲ್ಲಿ ಇದು ಏಳೂವರೆ ಸುತ್ತಿನ ಓಟವಾದುದರಿಂದ, ಓಟ ಆರಂಭವಾದ ಗೆರೆಯನ್ನು ಆರನೆಯ ಬಾರಿ ದಾಟುವ ಜಾಗವೇ ಅದು. ಲೆಕ್ಕ ತಪ್ಪುವ ಭಯವಿಲ್ಲ. ಫೆರಿಟಿನ್ ಪರೀಕ್ಷೆಗೆ ನಿನ್ನೆ ರಕ್ತ ಕೊಟ್ಟು ಬಂದಿದ್ದಾಳೆ. ಶನಿವಾರ ನೀಲೇಶ್ವರದ ಸಿಂಥೆಟಿಕ್ ಟ್ರ್ಯಾಕಿಗೆ ಅವಳನ್ನೂ ನಾಲ್ವರು ಹುಡುಗರನ್ನೂ ಕರೆದೊಯ್ದು, ಆ ಗೆರೆಯಿಂದ ಹೊರಡುವುದನ್ನು ಮೂರು ಬಾರಿ ಅಭ್ಯಾಸ ಮಾಡಿಸುತ್ತೇನೆ, ಪ್ರತಿ ಬಾರಿಯೂ ಅವಳನ್ನು ಗುಂಪಿನ ಒಳಬದಿಯಲ್ಲಿಯೇ ಇರಿಸಿ.