ವಿಪ್ಪಲ್ ಶಸ್ತ್ರಚಿಕಿತ್ಸೆಯ ನಂತರದ ಸೋರಿಕೆ, ವಾಂತಿ ಮತ್ತು ರಕ್ತಸ್ರಾವ: ಅನುಭವ ಹಂಚಿಕೆ

ಪ್ರಶ್ನೆ: ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆಯಿದ್ದುದರಿಂದ ನಮ್ಮ ತಂದೆಯವರಿಗೆ ಕಳೆದ ವಾರ ವಿಪ್ಪಲ್ ಶಸ್ತ್ರಚಿಕಿತ್ಸೆಯಾಗಿದೆ. ಡ್ರೈನ್‌ನಲ್ಲಿ (ಹೊಟ್ಟೆಯೊಳಗಿನ ದ್ರವವನ್ನು ಹೊರಗಿನ ಚೀಲಕ್ಕೆ ಹರಿಸುವ ನಳಿಕೆ) ಅಮೈಲೇಸ್ ಎಂಬ ಜೀರ್ಣಕಿಣ್ವ ಹೆಚ್ಚಿದೆ, ಸ್ವಲ್ಪ ಲೀಕ್ ಇರಬಹುದು ಎಂದು ವೈದ್ಯರು ಹೇಳಿದ್ದಾರೆ; ಕುಡಿದ ನೀರೂ ವಾಂತಿಯಾಗುತ್ತಿದೆ. ಈ ಹಂತವನ್ನು ದಾಟಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಮ್ಮ ತಾಯಿಯವರಿಗೂ ಇದೇ ಆಗಿತ್ತು. ಈ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆಭಾಗ, ಡ್ಯುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶ ಹಾಗೂ ಪಿತ್ತನಾಳದ ಒಂದಂಶವನ್ನು ತೆಗೆದು, ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಸಣ್ಣ ಕರುಳಿಗೆ ಹೊಸದಾಗಿ ಜೋಡಿಸುತ್ತಾರೆ. ಇವುಗಳಲ್ಲಿ ಹೆಚ್ಚು ಕಾಡುವುದು ಗ್ರಂಥಿಯ ಜೋಡಣೆ. ಗ್ರಂಥಿ ಮೃದುವಾಗಿದ್ದು ಅದರ ನಾಳ ಸಣ್ಣದಾಗಿದ್ದರೆ ಸೋರಿಕೆಯ ಸಾಧ್ಯತೆ ಹೆಚ್ಚು. ಮೂರನೆಯ ದಿನ ಅಥವಾ ಅನಂತರ ಡ್ರೈನ್ ದ್ರವದ ಅಮೈಲೇಸ್, ರಕ್ತದಲ್ಲಿ ಸಹಜವಾಗಿರಬಹುದಾದ ಗರಿಷ್ಠ ಮಿತಿಯ 3 ಪಟ್ಟನ್ನು ಮೀರಿದರೆ ಸೋರಿಕೆ ಇದೆಯೆಂದು ಲೆಕ್ಕ. ಆದರೆ 2016ರಲ್ಲಿ ಪರಿಷ್ಕೃತವಾದ ಅಂತಾರಾಷ್ಟ್ರೀಯ ವರ್ಗೀಕರಣದಂತೆ, ರೋಗಿಯ ಸ್ಥಿತಿಯಲ್ಲಾಗಲಿ ಚಿಕಿತ್ಸೆಯಲ್ಲಾಗಲಿ ಬದಲಾವಣೆ ಬೇಕಾಗದೆ ಸಂಖ್ಯೆ ಮಾತ್ರ ಏರಿದ್ದರೆ ಅದನ್ನು ಫಿಸ್ಟುಲಾ (ತೊಂದರೆ ಕೊಡುವ ನಿಜವಾದ ಸೋರಿಕೆ) ಎಂದು ಪರಿಗಣಿಸುವುದಿಲ್ಲ. ಆದ್ದರಿಂದ ಸಂಖ್ಯೆಯ ಜೊತೆಗೆ ಜ್ವರವಿದೆಯೇ, ಹೊಟ್ಟೆಯೊಳಗೆ ದ್ರವ ನಿಂತಿದೆಯೇ ಎಂಬುದನ್ನೂ ವೈದ್ಯರಲ್ಲಿ ಕೇಳಿ ತಿಳಿಯಿರಿ. ತಾಯಿಯವರ ಡ್ರೈನ್ ಚೀಲದಲ್ಲಿ ತಿಳಿಹಳದಿಗೆ ತಿರುಗಿದ್ದ ನೀರು ಮತ್ತೆ ಬೂದುಬಣ್ಣಕ್ಕೆ ಕದಡಿಕೊಂಡು ಚಳಿಜ್ವರ ಬಂದಾಗ ಸಿಟಿ ಸ್ಕ್ಯಾನ್ ಮಾಡಿಸಿ ಆಂಟಿಬಯೋಟಿಕ್ ಬದಲಿಸಿದರು. ಮರು ಆಪರೇಷನ್ ಬೇಕಾಗಲಿಲ್ಲ. ಡ್ರೈನ್ ಇಟ್ಟುಕೊಂಡೇ ಮನೆಗೆ ಬಂದೆವು. ನಳಿಕೆಯ ಸುತ್ತ ಒಸರುವ ರಸ ಚರ್ಮವನ್ನು ಸುಟ್ಟಂತೆ ಕೆಂಪಾಗಿಸುತ್ತದೆ; ಯಾವ ಮುಲಾಮು ಹಚ್ಚಬೇಕೆಂದು ಡಿಸ್ಚಾರ್ಜ್‌ಗೆ ಮೊದಲೇ ಕೇಳಿಕೊಳ್ಳಿ, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಉತ್ತರ 2: ವಾಂತಿಯ ವಿಷಯ. ನಮ್ಮ ಮಾವನವರಿಗೆ ಜಠರ ಖಾಲಿಯಾಗುವುದೇ ನಿಧಾನವಾಗಿತ್ತು. ತೆಗೆದಿದ್ದ ರೈಲ್ಸ್ ಟ್ಯೂಬನ್ನು (ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆ) ಮತ್ತೆ ಹಾಕಿದಾಗ ಹಸಿರು ನೀರು ಚೀಲ ತುಂಬ ಬಂತು. ಈ ಶಸ್ತ್ರಚಿಕಿತ್ಸೆಯ ನಂತರ ಇದು ಅಪರೂಪವಲ್ಲ, ಒಳಗೆ ಸೋರಿಕೆಯಿದ್ದರಂತೂ ಇನ್ನಷ್ಟು ದಿನ ಎಳೆಯುತ್ತದೆ. ಅಲ್ಲಿಯವರೆಗೆ ಕರುಳಿಗೆ ಇಳಿಸಿದ ನಳಿಕೆಯ ಮೂಲಕ ಆಹಾರ ಕೊಟ್ಟರು. ನೋಡಲು ಬಂದ ನೆಂಟರು ಪ್ರೀತಿಯಿಂದ ಎಳನೀರು ಹಿಡಿದು ನಿಂತರೂ ವೈದ್ಯರು ಹೇಳುವವರೆಗೆ ಬಾಯಿಗೆ ಏನನ್ನೂ ಕೊಡಬೇಡಿ. ಊಟ ಆರಂಭವಾದ ಮೇಲೆ ಮಲ ಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದ್ದರೆ ತಿಳಿಸಿ. ಊಟದ ಜೊತೆಗೇ ನುಂಗಬೇಕಾದ ಕಿಣ್ವದ ಮಾತ್ರೆಗಳಿವೆ.

ಉತ್ತರ 3: ನಾನು ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಮೇಲಿನವರು ರಕ್ತದ ಬಗ್ಗೆ ಬರೆದಿಲ್ಲ. ಸೋರಿದ ರಸ ಹತ್ತಿರದ ರಕ್ತನಾಳದ ಗೋಡೆಯನ್ನು ಸವೆಸಬಲ್ಲದು. ಹಾಗಾದಾಗ ದೊಡ್ಡ ರಕ್ತಸ್ರಾವಕ್ಕೆ ಕೆಲವು ಗಂಟೆ ಅಥವಾ ಕೆಲವು ದಿನ ಮೊದಲು ಡ್ರೈನ್‌ನಲ್ಲಿ ಅಥವಾ ವಾಂತಿಯಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಂಡು ತಾನಾಗಿ ನಿಲ್ಲುವುದುಂಟು. ನಿಂತಿತಲ್ಲ ಎಂದು ಬೆಳಗಿನ ರೌಂಡ್ಸ್‌ವರೆಗೆ ಕಾಯಬಾರದು. ಸಮಯವಿದ್ದಾಗಲೇ ಆಂಜಿಯೋಗ್ರಫಿ (ರಕ್ತನಾಳದೊಳಗೆ ಸಣ್ಣ ನಳಿಕೆ ಹಾಯಿಸಿ ನೋಡುವ ಪರೀಕ್ಷೆ) ಮಾಡಿ ಆ ನಾಳವನ್ನು ಒಳಗಿನಿಂದಲೇ ಮುಚ್ಚಲು ಸಾಧ್ಯವಾಗುತ್ತದೆ. ಕಪ್ಪು ಮಲವಾದರೂ, ತಲೆಸುತ್ತಿ ನಾಡಿ ಜೋರಾದರೂ ಇದೇ ಮಾತು ಅನ್ವಯಿಸುತ್ತದೆ. ಮನೆಗೆ ಹೋದ ಮೇಲೆ ಹೀಗಾದರೆ, ತೀರಾ ದೂರವಿಲ್ಲದಿದ್ದಲ್ಲಿ ಆಪರೇಷನ್ ಆದ ಆಸ್ಪತ್ರೆಗೇ ನೇರವಾಗಿ ಹೊರಟು, ದಾರಿಯಲ್ಲಿಯೇ ಅಲ್ಲಿಗೆ ಫೋನ್ ಮಾಡಿ ತಿಳಿಸಿ.